ದೊಡ್ಡಿಗೆ ಬಾರದ ಜ್ವರ

ನನ್ನ ಹೆಂಡತಿಗೆ ಕಾಯಿಲೆ ಬರುವುದಿಲ್ಲ. ಅವಳ ಬದುಕಿನ ದೊಡ್ಡ ದುಃಖ ಅದೇ.

ಹೀಗೆಂದರೆ ನಮ್ಮ ಸೈಕಲ್ ಅಂಗಡಿಗೆ ಬರುವವರು ನಗುತ್ತಾರೆ. ನಗಲಿ ಬಿಡಿ, ಸಂಸಾರ ಮಾಡಿದವನು ನಾನು, ಅವರಲ್ಲ. ಚಳಿಗಾಲ ಬಂದು, ಬೀದಿಯ ಪ್ರತಿ ಮನೆಯಿಂದಲೂ ಕೆಮ್ಮು ಕೇಳುವ ಹೊತ್ತಿನಲ್ಲಿ ನಾನು ಕಂಬಳಿಯ ಮೇಲೆ ಕಂಬಳಿ ಹೊದ್ದು ನರಳುತ್ತಿದ್ದರೆ ಅವಳು ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಾಳೆ. ಆ ನೋಟದಲ್ಲಿ ಕನಿಕರ ಇರಬೇಕಲ್ಲವೇ? ಹುಡುಕಿದರೂ ಸಿಗದು. ಇರುವುದು ಹೊಟ್ಟೆಕಿಚ್ಚು.

"ಪುಣ್ಯ ಮಾಡಿದ್ದೀರಿ ಕಣ್ರೀ," ಎನ್ನುತ್ತಾಳೆ. "ಮಲಗಿದ ಕಡೆಗೇ ಎಲ್ಲಾ ಬರುತ್ತೆ."

ಹಾಗೆಂದು ಬಿಸಿನೀರಿನ ಲೋಟವನ್ನು ಸ್ಟೂಲಿನ ಮೇಲೆ ಕುಕ್ಕಿ ಕೆಲಸಕ್ಕೆ ಹೊರಟುಬಿಡುತ್ತಾಳೆ. ಸಂಜೆ ಬಂದಾಗ ನನಗೆ ಜ್ವರ ಬಿಟ್ಟಿದ್ದರೆ ಮಾತ್ರ ಮುಖ ಸ್ವಲ್ಪ ಸಡಿಲವಾಗುತ್ತದೆ.

ಆದರೆ ನನ್ನ ಮೇಲಿನದು ಚಿಲ್ಲರೆ ಹೊಟ್ಟೆಕಿಚ್ಚು. ಇಡಿಗಂಟು ಇರುವುದು ಅವಳ ತಂಗಿಯ ಪಾಲಿಗೆ. ನಮ್ಮ ಅತ್ತೆಗೆ ಇರುವುದು ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳನ್ನು ದೊಡ್ಡಿ ಎಂದರು, ಚಿಕ್ಕವಳನ್ನು ಚಿನ್ನು ಎಂದರು. ಅತ್ತೆಯ ಮನಸ್ಸಿನಲ್ಲಿ ಏನೂ ಇರಲಿಲ್ಲ, ಬಾಯಿಗೆ ಬಂದದ್ದು ಅಷ್ಟೇ. ಆದರೆ ಆ ಎರಡು ಹೆಸರುಗಳನ್ನು ನನ್ನ ಹೆಂಡತಿ ತಕ್ಕಡಿಯಲ್ಲಿ ಇಟ್ಟು ತೂಗಿದಷ್ಟು ಸಲ ಯಾವ ಅಕ್ಕಸಾಲಿಗನೂ ತೂಗಿರಲಾರ.

"ಅವಳು ಚಿನ್ನವಂತೆ. ನಾನು ದೊಡ್ಡಿ. ದನ ಕೂಡೋ ಜಾಗ."

"ದೊಡ್ಡವಳು ಅಂತ ದೊಡ್ಡಿ ಕಣೇ," ಎಂದರೆ, "ನೀವೂ ಅವಳ ಕಡೆಗೇ ಸೇರ್ಕೊಳ್ಳಿ," ಎನ್ನುತ್ತಾಳೆ. ಅಲ್ಲಿಗೆ ನನ್ನ ಬಾಯಿ ಬಂದ್.

ಈ ಹೊಟ್ಟೆ ಉರಿ ಶುರುವಾದದ್ದು ಅವರ ಹಳೆಯ ಮನೆಯಲ್ಲಿ. ಎರಡೇ ಕೋಣೆಯ ಮನೆ, ಒಂದೇ ಒಂದು ಮಂಚ, ಅದು ಕಿಟಕಿಯ ಪಕ್ಕ. ಆ ಮಂಚದ ಮೇಲೆ ಮಲಗುವ ಹಕ್ಕು ಯಾರಿಗೆ ಮೈ ಸರಿಯಿಲ್ಲವೋ ಅವರಿಗೆ ಎಂಬುದು ಮನೆಯ ಕಾನೂನು. ಚಿನ್ನುವಿಗೆ ವರ್ಷವರ್ಷವೂ ಮೈ ಸರಿಯಿರುತ್ತಿರಲಿಲ್ಲ. ಚಳಿ ಕಾಲಿಟ್ಟಿತೆಂದರೆ ಅವಳ ಮೂಗು ಸೋರುತ್ತಿತ್ತು, ಮಾರನೆಯ ದಿನ ಕಣ್ಣು ಕೆಂಪಾಗುತ್ತಿತ್ತು, ಅದರ ಮಾರನೆಯ ದಿನ ಅವಳು ಮಂಚದ ಮೇಲೆ. ಅತ್ತೆ ಕೆಲಸವನ್ನೆಲ್ಲ ಅಲ್ಲಲ್ಲೇ ಬಿಟ್ಟು ಅವಳ ತಲೆದಿಂಬಿನ ಪಕ್ಕ ಕೂರುತ್ತಿದ್ದರು. ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕುವುದು, ತೆಗೆಯುವುದು, ಮತ್ತೆ ಹಿಂಡುವುದು. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ದೊಡ್ಡಿ ಇದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಪಾತ್ರೆ ತಿಕ್ಕುವುದು ಯಾಕೆ ಅವಳ ಪಾಲಿಗೆ? ಅವಳು ಗಟ್ಟಿಯಿದ್ದಾಳಲ್ಲ, ಅದಕ್ಕೆ.

ಅವಳೂ ಸುಮ್ಮನೆ ಕುಳಿತವಳಲ್ಲ. ಈರುಳ್ಳಿಯನ್ನು ಕಂಕುಳಲ್ಲಿ ಇಟ್ಟುಕೊಂಡರೆ ಜ್ವರ ಬರುತ್ತದೆಂದು ಶಾಲೆಯಲ್ಲಿ ಯಾರೋ ಹೇಳಿದ್ದನ್ನು ನಂಬಿ ಇಡೀ ಪಾಠದ ಹೊತ್ತು ಕೈ ಬಿಗಿಹಿಡಿದು ಕುಳಿತಳಂತೆ. ಜ್ವರ ಬರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬೇರೆ ಬೆಂಚಿಗೆ ಹೋದಳು. ಆಮೇಲೆ ಮೂಲಕ್ಕೇ ಕೈ ಹಾಕಿದಳು. ಚಿನ್ನು ಕುಡಿದು ಬಿಟ್ಟ ನೀರನ್ನು ಕುಡಿದಳು. ಚಿನ್ನುವಿನ ದಿಂಬಿಗೆ ಮುಖ ಒತ್ತಿಕೊಂಡು ಉಸಿರೆಳೆದಳು. ತಂಗಿ ಕೆಮ್ಮುವಾಗ ಎದುರಿಗೇ ಹೋಗಿ ಬಾಯಿ ತೆರೆದು ನಿಂತಳು. ಊಹೂಂ. ಒಂದು ಸೀನು ಕೂಡ ಇಲ್ಲ. ಮನೆಯಲ್ಲಿ ಅಪ್ಪನಿಗೆ ಅಂಟಿತು, ಎದುರುಮನೆಯವರಿಗೆ ಅಂಟಿತು, ಹಾಲು ತರುವವನಿಗೂ ಅಂಟಿತು. ಬೇಕು ಬೇಕೆಂದು ಬಾಯಿ ಬಿಟ್ಟು ನಿಂತವಳಿಗೆ ಅಂಟಲಿಲ್ಲ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಮದುವೆಯಾದ ಹೊಸದರಲ್ಲಿ, ನಗುತ್ತ ನಗುತ್ತ. ನಗು ಮುಗಿದ ಮೇಲೆ ಒಂದು ಮಾತು ಹೇಳಿದಳು. "ಒಂದೇ ಒಂದು ಸಲ ಅಮ್ಮ ನನ್ನ ಹಣೆ ಮೇಲೆ ಕೈಯಿಟ್ಟು ಕೂತಿದ್ದು ನೆನಪಿದ್ದಿದ್ರೆ ಸಾಕಾಗಿತ್ತು. ಒಂದು ಸಲ. ನನಗೆ ಇನ್ನೇನೂ ಬೇಡ." ಆಗ ನಾನು ಪಂಕ್ಚರಿಗೆ ಟ್ಯೂಬು ಉಜ್ಜುತ್ತಿದ್ದೆ. ಹೂಂ ಅಂದೆ. ಹೊಸ ಗಂಡನಿಗೆ ಇದು ಇಷ್ಟು ದೂರ ಹೋಗುವ ಮಾತು ಎಂದು ಹೇಗೆ ಗೊತ್ತಾಗಬೇಕು?

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಬೇರೆ ಹೆಂಗಸರ ಜೊತೆ ಮಾತಾಡಿದರೆ ಅವಳು ಯಾವತ್ತೂ ಹೊಟ್ಟೆಕಿಚ್ಚು ಪಟ್ಟವಳಲ್ಲ. ಶಾಲೆಯ ಟೀಚರಮ್ಮ ಸೈಕಲ್ಲಿಗೆ ಗಾಳಿ ಹಾಕಿಸಲು ಬಂದಾಗ ನಾನು ಬೇಕೆಂದೇ ಜೋರಾಗಿ ನಕ್ಕು ಮಾತಾಡಿದ್ದುಂಟು. ನನ್ನ ಹೆಂಡತಿ ಒಳಗಿಂದ ಬಂದು ಟೀಚರಮ್ಮನಿಗೆ ಕುರ್ಚಿ ಹಾಕಿದಳು. ಇದ್ದಬದ್ದ ಹೊಟ್ಟೆಕಿಚ್ಚನ್ನೆಲ್ಲ ತಂಗಿಗೇ ಖರ್ಚು ಮಾಡಿದರೆ ಗಂಡನಿಗೆ ಎಲ್ಲಿಂದ ಉಳಿಯಬೇಕು! ಹಾಗೆ ನೋಡಿದರೆ ಚಿನ್ನುವಿನ ಮೇಲೆ ನನಗೂ ಒಂದಿಷ್ಟು ಹೊಟ್ಟೆಕಿಚ್ಚು ಇದೆ.

ನನ್ನ ಹೆಂಡತಿ ಕೆಲಸ ಮಾಡುವುದು ಒಂದು ಲ್ಯಾಬಿನಲ್ಲಿ. ಫ್ಲೂ ಜ್ವರದ್ದೇ ಲ್ಯಾಬು. ಜ್ವರ ಬಾರದವಳಿಗೆ ಜ್ವರದ ಲ್ಯಾಬಿನಲ್ಲೇ ಕೆಲಸ ಸಿಕ್ಕಿದೆ ನೋಡಿ ಎಂದು ನಾನು ತಮಾಷೆ ಮಾಡಿದರೆ ಅವಳು ನಗುವುದಿಲ್ಲ. ಒಮ್ಮೆ ಅಲ್ಲಿನ ಗಾಜಿನ ಸಾಮಾನು ಸಾಗಿಸುವ ತಳ್ಳುಗಾಡಿಯ ಚಕ್ರ ಕಿರುಗುಟ್ಟುತ್ತದೆಂದು ನನ್ನನ್ನು ಕರೆಸಿದ್ದರು. ಆಗ ಅವಳ ಕೆಲಸವನ್ನು ಕಣ್ಣಾರೆ ನೋಡಿದೆ.

ಮೇಜಿನ ಮೇಲೆ ಪ್ಲಾಸ್ಟಿಕ್ ತಟ್ಟೆ. ತಟ್ಟೆಯ ತುಂಬ ಸಾಲುಸಾಲು ಪುಟ್ಟ ಕುಳಿಗಳು, ಒಂದೊಂದರಲ್ಲೂ ಒಂದು ಬೆರಳ ಉಗುರೂ ಹಿಡಿಸದು. ಜನರ ರಕ್ತದಿಂದ ತೆಗೆದ ತಿಳಿಯನ್ನು ಸಾಲಿನ ಮೊದಲ ಕುಳಿಗೆ ಹಾಕಿ, ಮುಂದಮುಂದಕ್ಕೆ ನೀರು ಬೆರೆಸಿ ತೆಳು ಮಾಡುತ್ತ ಹೋಗುತ್ತಾರೆ. ಅದಕ್ಕೆ ಫ್ಲೂ ವೈರಸ್ಸು ಸೇರಿಸುತ್ತಾರೆ. ಕೊನೆಗೆ ಕೋಳಿಯ ಕೆಂಪು ರಕ್ತಕಣಗಳನ್ನು ಹಾಕುತ್ತಾರೆ. ವೈರಸ್ಸಿನ ಕೈಗಳು ಬಿಡುವಾಗಿದ್ದರೆ ಅದು ಆ ಕಣಗಳನ್ನು ಹಿಡಿದುಕೊಂಡು ಕುಳಿಯ ತುಂಬ ತೆಳ್ಳಗೆ ಹರಡಿಬಿಡುತ್ತದೆ. ಆದರೆ ಆ ರಕ್ತದವರ ಮೈಗೆ ಆ ವೈರಸ್ಸಿನ ನೆನಪಿದ್ದರೆ, ತಿಳಿಯಲ್ಲಿರುವ ಕಾವಲುಗಾರರು ಮೊದಲೇ ಹೋಗಿ ಅದರ ಕೈ ಕಟ್ಟಿಹಾಕಿರುತ್ತಾರೆ. ಆಗ ಕೆಂಪುಕಣಗಳು ಯಾರ ಹಂಗೂ ಇಲ್ಲದೆ ಜಾರಿ ಕುಳಿಯ ತಳದಲ್ಲಿ ಗುಂಡಗೆ ಕೂರುತ್ತವೆ. ಅದನ್ನು ಲ್ಯಾಬಿನವರು ಗುಂಡಿ ಎನ್ನುತ್ತಾರೆ. ಅಂಗಿಯ ಗುಂಡಿಯಂತೆಯೇ ಕಾಣುತ್ತದೆ, ಕೆಂಪಗೆ, ಚೊಕ್ಕಟವಾಗಿ. ಸಾಲಿನಲ್ಲಿ ಎಷ್ಟು ದೂರದವರೆಗೆ ಗುಂಡಿ ಕೂತಿದೆಯೋ ಆ ಮೈಯ ನೆನಪು ಅಷ್ಟು ಗಟ್ಟಿ.

ಗುಂಡಿ ನಿಜವೋ ಸುಳ್ಳೋ ಎಂದು ನೋಡಲು ತಟ್ಟೆಯನ್ನು ಓರೆ ಮಾಡಬೇಕು. ನಿಜವಾದ ಗುಂಡಿ ಮೆಲ್ಲಗೆ ಜಾರಿ ಕಣ್ಣೀರಿನ ಹನಿಯಂತೆ ಇಳಿಯುತ್ತದೆ. ನನ್ನ ಹೆಂಡತಿ ತಟ್ಟೆ ಎತ್ತುತ್ತಾಳೆ, ಓರೆ ಮಾಡುತ್ತಾಳೆ, "ಇಳೀತು" ಅನ್ನುತ್ತಾಳೆ, ಇಲ್ಲವೇ "ಇಳೀಲಿಲ್ಲ" ಅನ್ನುತ್ತಾಳೆ. ಪಕ್ಕದವಳು ಬರೆದುಕೊಳ್ಳುತ್ತಾಳೆ. ವರ್ಷಗಟ್ಟಲೆ ಅವಳು ಮಾಡಿದ್ದು ಇಷ್ಟೇ.

ಚಿನ್ನು ಟೈಲರ್. ಬಜಾರಿನಲ್ಲಿ ಅವಳದ್ದೊಂದು ಪುಟ್ಟ ಅಂಗಡಿ. ಅಕ್ಕ ಗುಂಡಿ ನೋಡುತ್ತಾಳೆ, ತಂಗಿ ಗುಂಡಿ ಹೊಲಿಯುತ್ತಾಳೆ ಎಂದು ಒಮ್ಮೆ ಎಲ್ಲರ ಎದುರು ಹೇಳಿ ಎರಡು ದಿನ ಮಾತಿಲ್ಲದ ಊಟ ಉಂಡವನು ನಾನು.

ಮಾವ ತೀರಿಕೊಂಡ ಮೇಲೆ ಅತ್ತೆ ಚಿನ್ನುವಿನ ಮನೆಯಲ್ಲೇ ಉಳಿದರು. ಅದು ನನ್ನ ಹೆಂಡತಿಯ ಹೊಟ್ಟೆಯ ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು. ಈ ವರ್ಷ ಹಟ ಹಿಡಿದಳು. ಬೀದಿಗೆ ಮುಖ ಮಾಡಿದ ನಮ್ಮ ಕೋಣೆಯಲ್ಲಿದ್ದ ನನ್ನ ಹಳೇ ಟಯರು, ರಿಮ್ಮು, ಚೈನುಗಳನ್ನೆಲ್ಲ ಹಿತ್ತಲಿಗೆ ಎಸೆದಳು. ಗೋಡೆಗೆ ಸುಣ್ಣ ಹೊಡೆಸಿದಳು. ಮಂಚ ತಂದಳು, ಕಿಟಕಿಯ ಪಕ್ಕಕ್ಕೇ ಹಾಕಿಸಿದಳು. "ಅಮ್ಮ ಇನ್ಮೇಲೆ ನಮ್ಮನೇಲಿರ್ತಾಳೆ," ಎಂದು ಬೀದಿಗೆಲ್ಲ ಕೇಳುವಂತೆ ನನಗೆ ಹೇಳಿದಳು. ನಾನು ಎದುರಿಗೇ ನಿಂತಿದ್ದೆ, ಅಷ್ಟು ಕೂಗಬೇಕಾಗಿರಲಿಲ್ಲ.

ಅತ್ತೆ ಬಂದರು. ನನ್ನ ಹೆಂಡತಿಯ ಕಾಲು ನೆಲದ ಮೇಲಿರಲಿಲ್ಲ. ಲ್ಯಾಬಿನಿಂದ ಬಂದವಳೇ ಮುಖ ತೊಳೆಯುವ ಮೊದಲೇ ಅಮ್ಮನ ಕೋಣೆಗೆ ಹೋಗುತ್ತಿದ್ದಳು. ಆದರೆ ಅಲ್ಲಿ ಆಗುತ್ತಿದ್ದದ್ದು ಉಲ್ಟಾ. ಇವಳು ಅಮ್ಮನ ಕಾಲು ಒತ್ತುವುದು, ಅಮ್ಮ ಚಿನ್ನುವಿನ ಸುದ್ದಿ ಹೇಳುವುದು. ಚಿನ್ನುವಿಗೆ ಸೊಂಟನೋವು, ಚಿನ್ನು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಚಿನ್ನುವಿನ ಕಣ್ಣು ಮಂಜಾಗುತ್ತಿದೆ. ಇವಳು ಒತ್ತುತ್ತಿದ್ದ ಕೈ ನಿಲ್ಲುತ್ತಿತ್ತು. ಅತ್ತೆಗೆ ಅದು ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಹೊಸ ಫ್ಲೂ ಬಂತು. ಅದು ಬರುತ್ತಿದೆಯೆಂದು ಲ್ಯಾಬಿನವರಿಗೆ ಮೊದಲೇ ಗೊತ್ತಿತ್ತು, ಆದರೆ ಇಷ್ಟು ಜೋರು ಎಂದುಕೊಂಡಿರಲಿಲ್ಲ. ಶಾಲೆಗಳು ಅರ್ಧ ಖಾಲಿಯಾದವು. ನನ್ನ ಅಂಗಡಿಯಲ್ಲಿ ರಿಪೇರಿಯಾದ ಸೈಕಲ್ಲುಗಳು ಒಯ್ಯುವವರಿಲ್ಲದೆ ಸಾಲಾಗಿ ನಿಂತವು. ವಿಚಿತ್ರವೆಂದರೆ ಮುದುಕರು ಅಷ್ಟಾಗಿ ಮಲಗಲಿಲ್ಲ. ಮಲಗಿದ್ದು ಮಕ್ಕಳು, ಹರೆಯದವರು, ಚಿನ್ನುವಿನ ವಯಸ್ಸಿನವರು.

ಚಿನ್ನುವಿನ ಫೋನು ಬಂದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಮಾತೇ ಇಲ್ಲ, ಬರೀ ಕೆಮ್ಮು. ಆ ಕೆಮ್ಮು ಕೇಳಿದ್ದೇ ತಡ ಅತ್ತೆಯ ಮುಖ ಬಿಳಿಚಿಕೊಂಡಿತು. ಕೈತೊಳೆದು ಎದ್ದವರೇ ತಮ್ಮ ಚೀಲಕ್ಕೆ ಬಟ್ಟೆ ತುಂಬತೊಡಗಿದರು.

"ಅವಳಿಗೇನು ಗಂಡ ಇಲ್ವಾ? ಬೆಳೆದ ಮಗಳಿಲ್ವಾ?" ಎಂದಳು ನನ್ನ ಹೆಂಡತಿ. "ನೀನು ಈ ವಯಸ್ಸಲ್ಲಿ ಹೋಗಿ ಏನು ಮಾಡ್ತೀಯ?"

"ಪಕ್ಕದಲ್ಲಿ ಕೂತ್ಕೋತೀನಿ."

"ಇಲ್ಲಿ ನನ್ನ ಪಕ್ಕ ಎಷ್ಟು ಹೊತ್ತು ಕೂತಿದ್ದೀಯ?"

ಅತ್ತೆ ಚೀಲದ ಜಿಪ್ಪು ಎಳೆಯುತ್ತ, "ನಿನಗೇನಮ್ಮಾ, ನೀನು ಗಟ್ಟಿ ಇದ್ದೀಯ," ಎಂದರು.

ಬೇರೆ ಯಾವ ಮಾತಾದರೂ ಆಗಿದ್ದರೆ ನಡೆಯುತ್ತಿತ್ತು.  ನಾನು ಅತ್ತೆಯನ್ನು ಸ್ಕೂಟರಿನಲ್ಲಿ ಬಿಟ್ಟು ಬರುವಷ್ಟರಲ್ಲಿ ನನ್ನ ಹೆಂಡತಿ ಆ ಕೋಣೆಯ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿದ್ದಳು. "ನಿಮ್ಮ ಟಯರುಗಳನ್ನ ತಂದು ಇಟ್ಕೊಳ್ಳಿ," ಎಂದಳು. ಅವತ್ತಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಪಾತ್ರೆಗಳ ಸದ್ದು ಹೆಚ್ಚಾಯಿತು.

ಲ್ಯಾಬಿನಲ್ಲಿ ಕೆಲಸ ಮೈತುಂಬ. ಅಲ್ಲಿನ ಸಿಬ್ಬಂದಿಯೂ ವರ್ಷಕ್ಕೊಮ್ಮೆ ತಮ್ಮ ರಕ್ತ ಕೊಡುತ್ತಾರೆ. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ, ಓದುವವರಿಗೆ ಯಾರದ್ದೆಂದು ತಿಳಿಯಬಾರದು. ಪ್ರತಿ ವರ್ಷ ಆಯಾ ವರ್ಷದ ವೈರಸ್ಸುಗಳನ್ನಷ್ಟೇ ಹಾಕಿ ನೋಡುತ್ತಿದ್ದರು. ಈ ಸಲ ದೊಡ್ಡ ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ಫ್ರೀಜರಿನ ತಳದಿಂದ ಒಂದು ತೀರಾ ಹಳೆಯದನ್ನು ತೆಗೆಸಿದರು. ಹೊಸ ಫ್ಲೂ ಆ ಹಳೆಯದರ ನೆಂಟ, ಮುದುಕರು ಉಳಿಯುತ್ತಿರುವುದು ಅದಕ್ಕೇ ಇರಬಹುದು ಎಂದು ಅವರ ಅನುಮಾನ.

ನನ್ನ ಹೆಂಡತಿ ತಟ್ಟೆ ಓರೆ ಮಾಡಿದಳು. ಹಳೆಯ ವೈರಸ್ಸಿಗೆ ಲ್ಯಾಬಿನ ಹರೆಯದ ಹುಡುಗಿಯರ ಸಾಲುಗಳಲ್ಲಿ ಗುಂಡಿಯೇ ಇಲ್ಲ. ಒಂದು ನಂಬರಿನ ಸಾಲಿನಲ್ಲಿ ಮಾತ್ರ ಕೊನೆಯ ಕುಳಿಯವರೆಗೂ ಗುಂಡಿ. ಓರೆ ಮಾಡಿದರೆ ಒಂದೊಂದೂ ಇಳಿಯಿತು. ಇದು ಗೇಟಿನ ಮುದುಕ ಕಾವಲುಗಾರನದ್ದು ಎಂದು ಅವಳು ಪಕ್ಕದವಳಿಗೆ ಹೇಳಿದಳು. ಸಂಜೆ ನಂಬರು ಬಿಚ್ಚಿ ನೋಡಿದರೆ ಅದು ಅವಳದ್ದೇ.

ಅವಳು ಒಪ್ಪಲಿಲ್ಲ. ಟ್ಯೂಬು ಅದಲುಬದಲಾಗಿದೆ ಎಂದು ಜಗಳ ತೆಗೆದಳು. ರಕ್ತ ತೆಗೆಯುವ ಹುಡುಗಿಯನ್ನು ಅಳಿಸಿದಳು. ಕೊನೆಗೆ ಮತ್ತೆ ರಕ್ತ ಕೊಟ್ಟು, ತಾನೇ ಎದುರು ನಿಂತು, ತಾನೇ ತಟ್ಟೆ ಹಾಕಿದಳು. ಅವತ್ತು ಅವಳನ್ನು ಕರೆದುಕೊಂಡು ಬರಲು ಹೋದ ನಾನು ಕಾರಿಡಾರಿನ ಬೆಂಚಿನ ಮೇಲೆ ಕಾಯುತ್ತಿದ್ದೆ. ಅವಳು ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು, ಹಿಂದೆ ದೊಡ್ಡ ಮೇಡಂ.

"ಮೇಡಂ, ನನಗೆ ಜೀವಮಾನದಲ್ಲಿ ಜ್ವರ ಬಂದಿಲ್ಲ," ಎಂದಳು ಇವಳು, ಕಳ್ಳತನದ ಆರೋಪ ಬಂದವಳ ಹಾಗೆ.

"ನಿಮಗೆ ನೆನಪಿಲ್ಲ ಅಷ್ಟೇ. ನಿಮ್ಮ ರಕ್ತಕ್ಕಿದೆ," ಎಂದರು ಮೇಡಂ. "ನೀವು ಕೈಕೂಸಾಗಿದ್ದಾಗ ಇದು ಊರಲ್ಲಿತ್ತು. ಆಮೇಲೆ ಬೇರೆ ಜಾತಿಯ ಫ್ಲೂ ಬಂದು ಇದನ್ನ ಓಡಿಸ್ತು. ಮೈ ಅನ್ನೋದು ಹಾಗೇರೀ. ಮೊದಲು ಪರಿಚಯ ಆದವರ ಹೆಸರನ್ನ ಎಲ್ಲಕ್ಕಿಂತ ಆಳಕ್ಕೆ ಬರೆದಿಟ್ಕೊಳ್ಳುತ್ತೆ. ಆಮೇಲೆ ಅವರ ನೆಂಟರು ಯಾರೇ ವೇಷ ಬದಲಾಯಿಸಿಕೊಂಡು ಬಂದ್ರೂ ಮೊದಲು ಬಾಯಿಗೆ ಬರೋದು ಆ ಹಳೇ ಹೆಸರೇ. ಒಂದೊಂದು ಸಲ ಅದರಿಂದ ಅನುಕೂಲ, ಈ ಸಲ ನಿಮಗಾದ ಹಾಗೆ. ಒಂದೊಂದು ಸಲ ಮೋಸ. ಹಳಬನೇ ಅಂದುಕೊಂಡು ಹಳೇ ಕಾವಲುಗಾರರನ್ನೇ ಕಳಿಸುತ್ತೆ, ಹೊಸಬ ನುಗ್ಗಿಬಿಡ್ತಾನೆ."

"ಅದಕ್ಕೇ ಚಿಕ್ಕಂದಿನಿಂದ ನನಗೆ ಏನೂ ಬರಲಿಲ್ವಾ?"

"ಎಲ್ಲಾ ವರ್ಷಗಳ ಕಥೆಗೂ ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಬಂದಿದ್ರೂ ನಿಮಗೆ ಗೊತ್ತಾಗದೇ ಹೋಗಿರಬಹುದು."

"ನನ್ನ ತಂಗಿಗೆ?"

"ಅವರು ಹುಟ್ಟೋ ಹೊತ್ತಿಗೆ ಇದು ಹೋಗಿಬಿಟ್ಟಿತ್ತು. ಅವರಿಗೆ ಇದರ ಪರಿಚಯ ಇಲ್ಲ."

ತಂಗಿಯ ಹತ್ತಿರ ಇಲ್ಲದ್ದು ತನ್ನ ಹತ್ತಿರ ಇದೆ ಎಂದು ಕೇಳಿದ ನನ್ನ ಹೆಂಡತಿಯ ಮುಖವನ್ನು ನೀವು ನೋಡಬೇಕಿತ್ತು. ಆದರೆ ಆ ಸಂತೋಷ ಕಾರಿಡಾರಿನ ಕೊನೆಯವರೆಗೂ ಬರಲಿಲ್ಲ. ಮೆಟ್ಟಿಲ ಹತ್ತಿರ ನಿಂತು ಮೇಡಂ ಕಡೆ ತಿರುಗಿದಳು. "ಎಷ್ಟು ಜೋರಾಗಿ ಬಂದಿತ್ತು ಮೇಡಂ, ನನಗೆ?"

"ಅದನ್ನ ಗುಂಡಿ ಹೇಳೋದಿಲ್ಲ. ಬಂದಿತ್ತು ಅಂತ ಮಾತ್ರ ಹೇಳುತ್ತೆ."

ಸ್ಕೂಟರಿನ ಹಿಂದೆ ಕೂತವಳು ಮನೆಯ ತಿರುವು ಬಂದಾಗ ನನ್ನ ಭುಜ ತಟ್ಟಿದಳು. "ಚಿನ್ನು ಮನೆಗೆ ಹೋಗಿ."

"ಅವಳಿಗೆ ಜ್ವರ ಕಣೇ. ಈಗ ಹೋಗಿ ಜಗಳ ಮಾಡ್ಬೇಡ."

"ಅವಳ ಹತ್ರ ಯಾರಿಗ್ರೀ ಕೆಲಸ? ನನಗೆ ಅಮ್ಮನ್ನ ಕೇಳ್ಬೇಕು. ನನಗೆ ಜ್ವರ ಬಂದಿತ್ತು. ಆಗ ನನ್ನನ್ನ ಯಾರು ನೋಡ್ಕೊಂಡ್ರು? ಯಾರೋ ಕೂತಿರಬೇಕಲ್ಲ ಪಕ್ಕದಲ್ಲಿ? ಕೂತಿದ್ರೆ ಯಾಕೆ ಇಷ್ಟು ವರ್ಷ ಒಬ್ಬರೂ ಬಾಯಿ ಬಿಡಲಿಲ್ಲ? ಯಾರೂ ಕೂತೇ ಇರಲಿಲ್ವೇನೋ." ಕೊನೆಯ ಮಾತು ಹೇಳುವಾಗ ಅವಳ ಕೈ ನನ್ನ ಭುಜವನ್ನು ಹಿಡಿದುಕೊಂಡಿತು. ನಾನು ಸ್ಕೂಟರು ತಿರುಗಿಸಿದೆ.

ಚಿನ್ನು ಹೊಲಿಗೆ ಮಿಷನ್ನಿನ ಪಕ್ಕದ ಮಂಚದಲ್ಲಿ ಮುದುಡಿ ಮಲಗಿದ್ದಳು. ಅವಳ ಗಂಡ ಅಡುಗೆಮನೆಯಲ್ಲಿ ಏನನ್ನೋ ಸೀಯಿಸುತ್ತಿದ್ದ. ಅತ್ತೆ ದಿಂಬಿನ ಪಕ್ಕದ ಸ್ಟೂಲಿನಲ್ಲಿ ಕೂತು ಒದ್ದೆ ಬಟ್ಟೆ ಹಿಂಡುತ್ತಿದ್ದರು. ಆ ದೃಶ್ಯ ಕಂಡದ್ದೇ ನನ್ನ ಹೆಂಡತಿ ಹೊಸ್ತಿಲಲ್ಲೇ ನಿಂತಳು. ಪಕ್ಕದಲ್ಲಿದ್ದ ನನಗೆ ಅವಳು ಹಲ್ಲು ಕಡಿದದ್ದು ಕೇಳಿಸಿತು.

"ಅಮ್ಮಾ, ನಾನು ಕೂಸಾಗಿದ್ದಾಗ ನನಗೆ ಜ್ವರ ಬಂದಿತ್ತಾ?"

ಹಿಂಡುತ್ತಿದ್ದ ಕೈ ನಿಂತಿತು. "ಯಾರು ಹೇಳಿದ್ದು ನಿನಗೆ?"

"ನನ್ನ ರಕ್ತ ಹೇಳ್ತು. ಲ್ಯಾಬಲ್ಲಿ ನೋಡಿದೆ. ಬಂದಿತ್ತೋ ಇಲ್ವೋ?"

ಅತ್ತೆ ನನ್ನ ಮುಖ ನೋಡಿದರು. "ಏನಿದು ಅಳಿಯಂದ್ರೇ? ರಕ್ತ ಅದನ್ನೂ ಹೇಳುತ್ತಾ?"

ಹೌದೆಂದು ತಲೆಯಾಡಿಸಿದೆ. ಅತ್ತೆ ಬಟ್ಟೆಯನ್ನು ಬೇಸಿನ್ನಿಗೆ ಬಿಟ್ಟರು.

"ನೀನಿನ್ನೂ ಕೂರೋದೂ ಕಲ್ತಿರಲಿಲ್ಲ," ಎಂದರು. "ಬೀದಿಗೆಲ್ಲಾ ಬಂದಿತ್ತು. ನಿಮ್ಮಪ್ಪನೂ ಮಲಗಿಬಿಟ್ಟಿದ್ರು. ನಿನ್ನನ್ನ ಕೆಳಗೆ ಮಲಗಿಸಿದ್ರೆ ಉಸಿರು ಕಟ್ಟೋದು, ಎತ್ತಿಕೊಂಡ್ರೆ ಬಿಡೋದು. ಅದಕ್ಕೇ ಎತ್ತಿಕೊಂಡೇ ಓಡಾಡಿದೆ. ಗೋಡೆಯಿಂದ ಗೋಡೆಗೆ. ಉಂಡಿದ್ದೂ ನಿಂತೇ. ಎದುರುಮನೇಲಿ ನಿನ್ನ ವಯಸ್ಸಿನದ್ದೇ ಒಂದು ಮಗು ಇತ್ತು, ಅದು ಹೋಯ್ತು. ಅದರ ತಾಯಿ ಅಳೋದು ಕೇಳಿಸ್ಕೊಂಡು ನಿನ್ನನ್ನ ಇನ್ನೂ ಗಟ್ಟಿಯಾಗಿ ಹಿಡ್ಕೊಂಡೆ. ಆಮೇಲೆ ಒಂದು ಬೆಳಿಗ್ಗೆ ನೀನು ಹಸಿವಾಗಿ ಅಳೋಕೆ ಶುರು ಮಾಡಿದೆ. ಜೋರಾಗಿ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ."

"ಮತ್ತೆ ಯಾಕಮ್ಮಾ ಹೇಳಲಿಲ್ಲ?" ನನ್ನ ಹೆಂಡತಿ ಹೊಸ್ತಿಲಿಂದಲೇ ಕೇಳಿದಳು. "ನಾನು ಇವಳ ಮೇಲೆ ಹೊಟ್ಟೆ ಉರ್ಕೊಂಡು ಉರ್ಕೊಂಡು ಮುದುಕಿಯಾದೆ. ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಬಾಯಲ್ಲಿ ಆಡೋಕೂ ಭಯ. ಆಡಿದ್ರೆ ಎಲ್ಲಿ ವಾಪಸ್ ಬರುತ್ತೋ ಅಂತ. ನೀನು ಗಟ್ಟಿಯಾದೆ, ಓಡಾಡಿದೆ, ಪಾತ್ರೆ ಕುಕ್ಕಿದೆ. ಆ ಸದ್ದು ಕೇಳ್ತಿದ್ರೆ ನನಗೆ ಸಮಾಧಾನ. ನಿನ್ನ ಕಡೆ ನೋಡೋ ಅಗತ್ಯನೇ ಇಲ್ಲ ಅನ್ನೋದಕ್ಕಿಂತ ದೊಡ್ಡ ಸುಖ ನನಗೆ ಬೇರೆ ಇರಲಿಲ್ಲ. ಯಾರು ಕೆಮ್ಮಿದ್ರೂ ನನಗೆ ಕೇಳಿಸ್ತಿದ್ದಿದ್ದು ನಿನ್ನ ಕೆಮ್ಮೇ."

ಆಗ ಕಂಬಳಿಯೊಳಗಿಂದ ಒಂದು ದನಿ ಬಂತು. ಗಂಟಲು ಕಟ್ಟಿ ಕಾಗೆಯಂತಾಗಿತ್ತು, ಆದರೆ ಸಿಟ್ಟು ಮಾತ್ರ ಸ್ಪಷ್ಟವಾಗಿತ್ತು.

"ಕೇಳಿಸ್ಕೊಂಡ್ಯಾ ಅಕ್ಕಾ? ಈಗ ಸಮಾಧಾನ ಆಯ್ತಾ?" ಚಿನ್ನು ಮೊಣಕೈಯೂರಿ ಎದ್ದು ಕೂತಳು. "ಹೊಟ್ಟೆ ಉರ್ಕೊಂಡಿದ್ದು ನೀನೊಬ್ಬಳೇ ಅಂದ್ಕೊಂಡಿದ್ದೀಯಾ? ಹಣೆ ಮೇಲೆ ಬಟ್ಟೆ ಹಾಕೋದು ನನಗೆ, ಬಾಯಲ್ಲಿ ಬರೋದು ನಿನ್ನ ಹೆಸರು. ಪ್ರತಿ ಸಲ. ದೊಡ್ಡಿ ಕಣ್ಣು ಬಿಡು, ದೊಡ್ಡಿ ಉಸಿರಾಡು. ನಾನು ಚಿನ್ನು ಕಣಮ್ಮಾ, ನಾನು ಚಿನ್ನು ಅಂತ ಹೇಳಿ ಹೇಳಿ ಸುಸ್ತಾಗಿ ಹೋಯ್ತು. ಆಮೇಲೆ ಹೇಳೋದೇ ಬಿಟ್ಟೆ. ಅಮ್ಮ ನನ್ನ ಪಕ್ಕ ಯಾವತ್ತು ಕೂತಿದ್ಳು ಹೇಳು? ನನ್ನ ಮಂಚದ ಮೇಲೆ ನಿನ್ನನ್ನ ಮಲಗಿಸ್ಕೊಂಡು ಕೂತಿದ್ಳು."

ನನ್ನ ಹೆಂಡತಿ ಹೊಸ್ತಿಲು ದಾಟಿ ಮಂಚದ ಹತ್ತಿರ ಬಂದಳು.   ತಂಗಿಯ ಹತ್ತಿರ ಇದೆಯೆಂದು ಜೀವಮಾನವೆಲ್ಲ ಕಣ್ಣಿಟ್ಟು ಕಾದಿದ್ದನ್ನು ಆ ತಂಗಿ ತನ್ನದಲ್ಲವೆಂದು ಅವಳ ಕಡೆಗೇ ಎಸೆದಿದ್ದಳು.

"ಸುಳ್ಳು ಹೇಳ್ಬೇಡ ಕಣೇ," ಎಂದರು ಅತ್ತೆ. "ನಾನೆಲ್ಲಿ ಹಾಗೆ ಕರೀತೀನಿ? ನನಗೇನು ಮಕ್ಕಳ ಗುರುತು ಸಿಗಲ್ವಾ?" ಹೀಗೆ ಗೊಣಗುತ್ತಲೇ ಸ್ಟೂಲಿನಿಂದ ಎದ್ದು, ಕಿಟಕಿಯಲ್ಲಿದ್ದ ಕೆಮ್ಮಿನ ಔಷಧಿಯ ಬಾಟಲಿ ತೆಗೆದು, ಚಮಚಕ್ಕೆ ಬಗ್ಗಿಸಿದರು. ಚೆಲ್ಲಬಾರದೆಂದು ಕಣ್ಣೆಲ್ಲ ಚಮಚದ ಮೇಲೆ. ಚಿನ್ನುವಿನ ಮುಖದ ಹತ್ತಿರ ತಂದರು.

"ಬಾಯಿ ತೆಗಿ ದೊಡ್ಡಿ."

 ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಚಿನ್ನುವಿನ ಗಂಡ ಸೌಟು ಹಿಡಿದುಕೊಂಡೇ ನಿಂತ. ಅತ್ತೆಗೆ ಮಾತ್ರ ಏನಾಯಿತೆಂದು ಗೊತ್ತಿಲ್ಲ. ಚಿನ್ನು ತುಟಿ ಬಿಗಿಹಿಡಿದು ಮುಖ ತಿರುಗಿಸಿದಳು. ಅಕ್ಕನ ಕಡೆ ನೋಡಿದಳು.

"ನಿನ್ನನ್ನೇ ಕರೀತಿರೋದು," ಎಂದಳು. "ಹೋಗು."

ಲ್ಯಾಬಿನಲ್ಲಿ ಕೈ ತೊಳೆಯದವರ ಮೇಲೆ ಹರಿಹಾಯುವವಳು, ನಮ್ಮ ಮನೆಯಲ್ಲಿ ನಾನು ಕೆಮ್ಮಿದರೆ ನನ್ನ ಲೋಟ ಬೇರೆ ಇಡುವವಳು, ತಲೆಗೂದಲು ನರೆತ ನನ್ನ ಹೆಂಡತಿ, ಮಂಚದ ಪಕ್ಕ ಮೊಣಕಾಲೂರಿ ಕೂತು ಆ ಚಮಚಕ್ಕೆ ಬಾಯಿ ಕೊಟ್ಟಳು. ಅತ್ತೆ ಕುಡಿಸಿದರು. ಎಡಗೈಯಿಂದ ಅವಳ ಗಲ್ಲ ಒರೆಸಿದರು. ಒರೆಸಿದ ಕೈ ಅಭ್ಯಾಸಬಲದಿಂದ ಹಣೆಗೆ ಹೋಯಿತು, ಬಿಸಿ ನೋಡಲು.

"ತಣ್ಣಗಿದ್ದೀಯಲ್ಲೇ," ಎಂದರು ಅತ್ತೆ, ಆಶ್ಚರ್ಯದಿಂದ. ಆಗ ಯಾರ ಹಣೆ ಎಂದು ನೋಡಿದರು. ನೋಡಿಯೂ ಕೈ ತೆಗೆಯಲಿಲ್ಲ.

 ಮಂಚದ ಮೇಲಿಂದ ಚಿನ್ನು ಹೇಳಿದಳು, ಈಗ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು:

"ಅಮ್ಮಾ, ಅದು ನನ್ನ ಔಷಧಿ."